ನುಡಿಬುತ್ತಿ: ಭಕ್ಷ್ಯವೆಂದರೆ ಯಾವುದು?

ಕಳೆದ ಸಂಚಿಕೆಯು ಮನೆಮನೆಗೆ ತಲಪಿದ ಮೇಲೆ ನಮಗೆ ಬಂದ ಪತ್ರಗಳಲ್ಲಿ ಕಾಚಿಗುಡದ ಸೋದರಿಯೊಬ್ಬರ ಪತ್ರವು ಸ್ವಲ್ಪ ದೊಡ್ಡದು. ಅವರ ಪ್ರಶ್ನೆ ಒಂದೇ ಸಾಲಿನದು. ಆದರೆ ಆ ಪ್ರಶ್ನೆ ಹುಟ್ಟಿದ ಬಗೆಯನ್ನು ಹೇಳಲು ಅವರಿಗೆ ನಾಲ್ಕು ಪುಟಗಳು ಬೇಕಾಗಿವೆ. ಓದುತ್ತ ನಾವು ಮೊದಲು ನಕ್ಕೆವು; ಕೊನೆಯ ಪುಟಕ್ಕೆ ಬಂದಾಗ ನಗು ನಿಂತಿತು. ಆದುದರಿಂದ ಈ ಸಲದ ಬುತ್ತಿಯನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ವಿಷಯ ಇಷ್ಟು. ಅವರ ಮನೆಯಲ್ಲಿ ಮಗಳ ಮದುವೆ. ಹೆಣ್ಣಿನವರು ಮೂಲತಃ ರಾಯಚೂರಿನ ಕಡೆಯವರು, ಮೂರು ತಲೆಮಾರಿನಿಂದ ಹೈದರಾಬಾದಿನಲ್ಲಿ ನೆಲಸಿದವರು. ಗಂಡಿನವರು ಮೈಸೂರು ಸೀಮೆಯವರು. ಅಡಿಗೆಯವರು ತೆಲಂಗಾಣದವರು. ಊಟದ ಪಟ್ಟಿಯನ್ನು ಮನೆಯ ಅಜ್ಜಿ ಹೇಳಿದರು, ಮೊಮ್ಮಗಳು ಬರೆದುಕೊಂಡಳು: ಪಾಯಸ ಒಂದು, ಕೋಸಂಬರಿ ಎರಡು, ಪಲ್ಯ ಎರಡು, ಚಿತ್ರಾನ್ನ ಒಂದು, ಭಕ್ಷ್ಯ ಎರಡು. ಪಟ್ಟಿ ಅಡಿಗೆಯವರ ಕೈಸೇರಿತು. ಮದುವೆಯ ದಿನ ಎಲೆಗೆ ಎರಡೆರಡು ಹೋಳಿಗೆ ಬಂದುವು. ಅಜ್ಜಿ ಕಾದದ್ದು ಒಂದು ಲಾಡುವಿಗೆ ಮತ್ತು ಒಂದು ಚಕ್ಕುಲಿಗೆ. ಗಂಡಿನ ಸೋದರಮಾವನವರು, “ಹೋಳಿಗೆ ಬಂತು ಸರಿ, ಎರಡನೆಯ ಸಿಹಿ ಎಲ್ಲಿ?” ಎಂದು ಕೇಳಿದರು. ಅಡಿಗೆಯವರು ಪಟ್ಟಿಯನ್ನು ತೆಗೆದು ತೋರಿಸಿ, “ಎರಡು ಎಂದು ಬರೆದಿದ್ದಿರಿ, ಎರಡು ಬಡಿಸಿದ್ದೇವೆ” ಎಂದರು. ಯಾರ ಮಾತಿನಲ್ಲಿಯೂ ಸುಳ್ಳಿರಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತಂತೆ. ಹೋಳಿಗೆಯೂ ಚೆನ್ನಾಗಿತ್ತಂತೆ. ಆದರೆ ಅಂದು ರಾತ್ರಿ ಅಜ್ಜಿ, “ನನ್ನ ಮಾತು ಈ ಊರಿನಲ್ಲಿ ಇನ್ನು ಯಾರಿಗೂ ತಿಳಿಯುವುದಿಲ್ಲ, ನನ್ನ ಮೊಮ್ಮಗಳಿಗೇ ತಿಳಿಯಲಿಲ್ಲ” ಎಂದರಂತೆ. ಆ ಮೇಲೆ ಹಬ್ಬ ಹುಣ್ಣಿಮೆಗಳಲ್ಲಿ ಏನು ಮಾಡಬೇಕೆಂದು ಕೇಳಿದರೆ, “ನಿಮಗೆ ತಿಳಿದದ್ದು ಮಾಡಿಕೊಳ್ಳಿ” ಎನ್ನುವುದೇ ರೂಢಿಯಾಗಿದೆಯಂತೆ. ಸೋದರಿಯ ಪ್ರಶ್ನೆ: “ಭಕ್ಷ್ಯವೆಂದರೆ ಯಾವುದು? ಮೂವರಲ್ಲಿ ಯಾರದು ಸರಿ?”

ಪ್ರಶ್ನೆ ಸಣ್ಣದೆಂದು ಕಾಣುವುದು. ಆದರೆ ಹೊರನಾಡಿನಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಇದು ಸಣ್ಣದಲ್ಲ. ಮಕ್ಕಳು ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಕಲಿಯುವರು. ಬೀದಿಯಲ್ಲಿ ದಖನಿ ಉರ್ದು ಕೇಳುವರು. ಕನ್ನಡಕ್ಕೆ ಉಳಿದಿರುವ ಜಾಗ ಮನೆಯೊಳಗಿನದು. ಅದರಲ್ಲಿಯೂ ಅಡಿಗೆಮನೆ ಮತ್ತು ಊಟದ ಸಾಲು. ಅಲ್ಲಿಯೂ ಮಾತು ಕೈತಪ್ಪಿದರೆ ಮತ್ತೆಲ್ಲಿ ಹುಡುಕೋಣ?

ಮೊದಲು ಶಾಸ್ತ್ರಾರ್ಥವನ್ನು ನೋಡೋಣ. ನಮ್ಮ ಹಿಂದಿನವರು ಆಹಾರವನ್ನು ರುಚಿಯಿಂದ ಮಾತ್ರವಲ್ಲ, ತಿನ್ನುವ ಕ್ರಮದಿಂದಲೂ ವಿಂಗಡಿಸುತ್ತಿದ್ದರು. ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಅನ್ನವು ನಾಲ್ಕು ಬಗೆಯದೆಂಬ ಮಾತು ಬರುವುದನ್ನು ಅನೇಕರು ಬಲ್ಲಿರಿ. ಆ ನಾಲ್ಕನ್ನು ವ್ಯಾಖ್ಯಾನಕಾರರು ಭಕ್ಷ್ಯ, ಭೋಜ್ಯ, ಲೇಹ್ಯ, ಚೋಷ್ಯ ಎಂದು ಬಿಡಿಸಿ ಹೇಳುವರು. ಹಲ್ಲಿನಿಂದ ಕಡಿದು ತಿನ್ನತಕ್ಕದ್ದು ಭಕ್ಷ್ಯ; ಹೆಚ್ಚು ಅಗಿಯದೆ ಉಣ್ಣತಕ್ಕ ಮೆತ್ತನೆಯ ಅನ್ನಾದಿಗಳು ಭೋಜ್ಯ; ನೆಕ್ಕತಕ್ಕದ್ದು ಲೇಹ್ಯ; ಹೀರತಕ್ಕದ್ದು ಚೋಷ್ಯ.

ಈ ಲೆಕ್ಕದಲ್ಲಿ ಸಿಹಿಗೂ ಭಕ್ಷ್ಯಕ್ಕೂ ಯಾವ ಒಪ್ಪಂದವೂ ಇಲ್ಲ. ಚಕ್ಕುಲಿ, ಕೋಡುಬಳೆ, ವಡೆ, ಲಾಡು, ಕಜ್ಜಾಯ ಎಲ್ಲವೂ ಭಕ್ಷ್ಯಗಳೇ. ಎಷ್ಟೇ ಸಕ್ಕರೆ ಸುರಿದರೂ ಪಾಯಸ ಮಾತ್ರ ಭಕ್ಷ್ಯವಾಗದು, ಏಕೆಂದರೆ ಅದಕ್ಕೆ ಹಲ್ಲಿನ ಹಂಗಿಲ್ಲ. ಎಂದ ಮೇಲೆ ಒಂದು ಸಿಹಿ, ಒಂದು ಖಾರ ಎಂದು ಎರಡು ಭಕ್ಷ್ಯಗಳನ್ನು ಎಣಿಸಿ, ಪಾಯಸವನ್ನು ಬೇರೆಯಾಗಿ ಬರೆಸಿದ ಅಜ್ಜಿಯ ಪಟ್ಟಿ ಶಾಸ್ತ್ರಕ್ಕೆ ಕೂದಲೆಳೆಯಷ್ಟೂ ತಪ್ಪಿಲ್ಲ. ಈ ಮಾತನ್ನು ದಯವಿಟ್ಟು ಅವರಿಗೆ ಓದಿ ಹೇಳಬೇಕೆಂದು ಸೋದರಿಯವರನ್ನು ಕೇಳಿಕೊಳ್ಳುತ್ತೇವೆ.

ಅಡಿಗೆಮನೆಯಿಂದ ಹೊರಗೆ ಈ ಧಾತುವಿನ ಸಂಸಾರ ಅಷ್ಟೇನೂ ಸೌಮ್ಯವಾದುದಲ್ಲ. ಭಕ್ಷಿಸುವುದು ಎಂದರೆ ನಾವು ಹೆದರುವೆವು. ಹುಲಿಯನ್ನು ನರಭಕ್ಷಕ ಎನ್ನುವೆವು. ಅದೇ ಧಾತು ಅಡಿಗೆಮನೆಗೆ ಬಂದು ಲಾಡುವೂ ಚಕ್ಕುಲಿಯೂ ಆಗಿ ಕೈಮುಗಿದು ಕುಳಿತಿದೆ. ಉಳಿದ ಮೂವರು ಒಡಹುಟ್ಟಿದವರ ಗತಿಯೇನೆಂದರೆ, ಲೇಹ್ಯವು ವೈದ್ಯರ ಅಂಗಡಿಯನ್ನು ಸೇರಿತು. ಚೋಷ್ಯವು ಹೆಸರು ಕಳೆದುಕೊಂಡು ಮಾವಿನ ಹಣ್ಣಿನಲ್ಲಿಯೂ ನುಗ್ಗೆಕಾಯಿಯಲ್ಲಿಯೂ ಅಡಗಿತು. ಭೋಜ್ಯದ ಬಳಗದ ಭುಕ್ತಿ ಎಂಬ ಮಾತು ತದ್ಭವವಾಗಿ ‘ಬುತ್ತಿ’ಯಾಯಿತು, ನಮ್ಮ ಈ ಅಂಕಣಕ್ಕೂ ಹೆಸರಾಯಿತು.

ಹಾಗಾದರೆ ಗಂಡಿನ ಸೋದರಮಾವನವರದು ತಪ್ಪೇ? ಅದೂ ಅಲ್ಲ. ಮೈಸೂರಿನ ಕಡೆಯ ಅನೇಕ ಮನೆಗಳಲ್ಲಿ ಭಕ್ಷ್ಯವೆಂದರೆ ಎಲೆಗೆ ಬಡಿಸುವ ಸಿಹಿ ತಿಂಡಿ ಎಂದೇ ರೂಢಿ. ಔತಣದಿಂದ ಹಿಂದಿರುಗಿದವರನ್ನು, “ಏನೇನು ಭಕ್ಷ್ಯ ಮಾಡಿಸಿದ್ದರು?” ಎಂದು ಕೇಳಿದರೆ ಯಾರೂ ವಡೆಯಿಂದ ಆರಂಭಿಸುವುದಿಲ್ಲ. ಯಾವುದರಿಂದ ಊಟಕ್ಕೆ ಹೆಸರು ಬರುವುದೋ ಅದರ ಮೇಲೆಯೇ ಮಾತು ಹೋಗಿ ಕುಳಿತುಕೊಳ್ಳುವುದು ಲೋಕರೂಢಿ. ಪಂಚಭಕ್ಷ್ಯ ಪರಮಾನ್ನ ಎಂಬ ನುಡಿಯನ್ನೇ ನೋಡಿರಿ. ಭಕ್ಷ್ಯ, ಭೋಜ್ಯ, ಲೇಹ್ಯ, ಚೋಷ್ಯಗಳಿಗೆ ಪಾನೀಯವನ್ನು ಸೇರಿಸಿ ಐದೆಂದು ಎಣಿಸುವವರುಂಟು. ಆದರೆ ಇಂದು ಆ ನುಡಿಯನ್ನು ಆಡುವವರ ಕಣ್ಣ ಮುಂದೆ ನಿಲ್ಲುವುದು ಐದು ಬಗೆಯ ಸಿಹಿ ಮತ್ತು ಒಂದು ಬಟ್ಟಲು ಪಾಯಸ. ಪರಮಾನ್ನವೆಂದರೆ ಪಾಯಸವೇ ಅಲ್ಲವೆ?

ಮಾತು ಹೀಗೆ ದಾರಿ ಬದಲಿಸುವುದಕ್ಕೆ ಫಲಾಹಾರದಂಥ ಉದಾಹರಣೆ ಬೇರೆ ಇಲ್ಲ. ಫಲಾಹಾರವೆಂದರೆ ಹಣ್ಣಿನ ಆಹಾರ. ವ್ರತದ ದಿನ ಅನ್ನ ಬಿಟ್ಟು ಹಣ್ಣು ತಿಂದರು. ಹಣ್ಣಿನ ಜೊತೆಗೆ ಲಘುವಾದದ್ದೊಂದು ಇರಲಿ ಎಂದರು. ಕಡೆಗೆ ಹಣ್ಣು ಹೋಗಿ ಲಘುವಾದದ್ದೇ ಉಳಿಯಿತು. ಧಾರವಾಡದ ಕಡೆಯ ‘ಫಳಾರ’, ತೆಲುಗಿನ ‘ಪಲಹಾರಂ’, ಮರಾಠಿಯ ‘ಫರಾಳ’ ಮೂರರಲ್ಲಿಯೂ ಹೆಸರಿನಲ್ಲಿ ಹಣ್ಣಿದೆ. ತಟ್ಟೆಯಲ್ಲಿ ಉಪ್ಪಿಟ್ಟು, ಇಡ್ಲಿ, ಅವಲಕ್ಕಿ ಇವೆ. ಇದಕ್ಕಾಗಿ ಯಾರೂ ಯಾರ ಮೇಲೆಯೂ ವ್ಯಾಜ್ಯ ಹೂಡಿಲ್ಲ.

ಇನ್ನು ಅಡಿಗೆಯವರ ಮಾತು. ನಮ್ಮ ತೆಲಂಗಾಣದ ನೆರೆಹೊರೆಯಲ್ಲಿ ಯುಗಾದಿಯ ಹಿಂದಿನ ದಿನ, “ರೇಪು ಭಕ್ಷ್ಯಾಲು” ಎಂಬ ಮಾತನ್ನು ಕೇಳದವರು ಯಾರು? ಕಡಲೆಬೇಳೆ ಬೇಯಿಸಿ, ಬೆಲ್ಲ ಕೂಡಿಸಿ, ಏಲಕ್ಕಿ ಹಾಕಿ ರುಬ್ಬಿ, ಕಣಕದಲ್ಲಿ ತುಂಬಿ ತಟ್ಟಿ ತುಪ್ಪದಲ್ಲಿ ಬೇಯಿಸಿದ್ದು ಅವರ ಭಕ್ಷ್ಯ; ನಮ್ಮ ಹೋಳಿಗೆ. ಆಡುಮಾತಿನಲ್ಲಿ ಅದು ‘ಬಚ್ಚಾಲು’ ಆಗಿರುವುದೂ ಉಂಟು. ಲಕ್ಷ್ಮಿಯು ಜನರ ಬಾಯಲ್ಲಿ ಲಚ್ಚಿಯಾದ ಹಾಗೆ. ಇಡೀ ಒಂದು ವರ್ಗಕ್ಕೆ ಇದ್ದ ಹೆಸರನ್ನು ಅವರು ತಮಗೆ ಎಲ್ಲಕ್ಕಿಂತ ಪ್ರಿಯವಾದ ಒಂದೇ ತಿಂಡಿಗೆ ಕೊಟ್ಟುಬಿಟ್ಟರು. ಪಟ್ಟಿಯಲ್ಲಿ ‘ಭಕ್ಷ್ಯ ಎರಡು’ ಎಂದು ಕಂಡಾಗ ಎಲೆಗೆ ಎರಡು ಹೋಳಿಗೆ ಎಂದು ಓದಿದ ಅಡಿಗೆಯವರು ತಮ್ಮ ನುಡಿಗೆ ನಿಷ್ಠರಾಗಿಯೇ ನಡೆದುಕೊಂಡಿದ್ದಾರೆ.

ಇಲ್ಲಿ ಸ್ವಲ್ಪ ನಿಂತು ಈ ಒಂದು ತಿಂಡಿಯ ಹೆಸರುಗಳನ್ನೇ ಎಣಿಸಿ ನೋಡಬಹುದು. ಬೆಂಗಳೂರು ಮೈಸೂರುಗಳಲ್ಲಿ ಒಬ್ಬಟ್ಟು; ಧಾರವಾಡ, ಕಲಬುರಗಿ, ರಾಯಚೂರುಗಳಲ್ಲಿ ಹೋಳಿಗೆ; ಕರಾವಳಿ ಆಂಧ್ರದಲ್ಲಿ ಬೊಬ್ಬಟ್ಲು; ರಾಯಲಸೀಮೆಯಲ್ಲಿ ಓಳಿಗಲು; ತೆಲಂಗಾಣದಲ್ಲಿ ಭಕ್ಷ್ಯಾಲು ಅಥವಾ ಪೋಲೆಲು; ಮಹಾರಾಷ್ಟ್ರದಲ್ಲಿ ಪುರಣಪೋಳಿ. ನೋಡಲು ಹಲವು, ತಿನ್ನಲು ಒಂದು. ಹೋಳಿಗೆಗೂ ಪೋಳಿಗೂ ನಂಟಿರುವುದು ಕಿವಿಗೇ ತಿಳಿಯುವುದು. ಹಳಗನ್ನಡದ ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಅವರ ಪಕಾರ ನಮ್ಮಲ್ಲಿ ಹಕಾರವಾಗಿದೆ. ಒಳಗಿನ ಹೂರಣವೂ ಹಾಗೆಯೇ ‘ಪೂರಣ’ದಿಂದ ಬಂದದ್ದು, ಪೂರಣವೆಂದರೆ ತುಂಬುವುದು. ತೆಲುಗಿನವರ ಪೂರ್ಣವೂ ಮರಾಠಿಗರ ಪುರಣವೂ ಅದೇ ಬಳಗದವು. ನಾಲ್ಕು ಮನೆಗಳ ನಡುವೆ ಗೋಡೆ ಇದೆಯೆಂದು ನಾವು ತಿಳಿದಿದ್ದರೂ ಹೂರಣದ ವಾಸನೆ ಗೋಡೆಯನ್ನು ಎಂದೂ ಲೆಕ್ಕಿಸಿದ್ದಿಲ್ಲ.

ಅಷ್ಟೇ ಏಕೆ, ಆ ಗೋಡೆಯೂ ಬಹಳ ಹಳೆಯದಲ್ಲ. ನಮ್ಮ ಸಂಘದ ಎಷ್ಟೋ ಕುಟುಂಬಗಳ ಹಿರಿಯರು ಬೀದರ, ಕಲಬುರಗಿ, ರಾಯಚೂರುಗಳಿಂದ ಹೈದರಾಬಾದಿಗೆ ಬಂದಾಗ ಅವರು ಹೊರನಾಡಿಗೆ ಬಂದವರಲ್ಲ. ತಮ್ಮದೇ ಸಂಸ್ಥಾನದ ರಾಜಧಾನಿಗೆ ಬಂದವರು. 1956ನೆಯ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಹಂಚಿಹೋಗಿ, ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದಾಗ, ಕಾಚಿಗುಡ, ಸುಲ್ತಾನ್ ಬಜಾರ್‌ಗಳಲ್ಲಿದ್ದವರು ಮನೆಯನ್ನು ಬದಲಿಸದೆಯೇ ಪರರಾಜ್ಯದವರಾದರು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾದಾಗ ಅದೇ ಮನೆಯ ವಿಳಾಸದಲ್ಲಿ ರಾಜ್ಯದ ಹೆಸರು ಮತ್ತೊಮ್ಮೆ ಬದಲಾಯಿತು. ರಾಜ್ಯಗಳು ಬದಲಾದರೂ ಒಲೆ ಇದ್ದಲ್ಲೇ ಇತ್ತು. ಒಲೆಯ ಮೇಲಿನ ಕಾವಲಿಯೂ ಅದೇ.

ಪಾಕದ ಇತಿಹಾಸವನ್ನು ಹುಡುಕಿದರೂ ದಾರಿ ಈ ಸೀಮೆಗೇ ಬರುವುದು. ಇಂದಿನ ಬಸವಕಲ್ಯಾಣ ಅಂದಿನ ಚಾಲುಕ್ಯರ ಕಲ್ಯಾಣ. 1126ರಿಂದ 1138ರವರೆಗೆ ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಅನ್ನಭೋಗ ಎಂಬ ಭಾಗದಲ್ಲಿ ಅರಮನೆಯ ಅಡಿಗೆಯನ್ನು ವರ್ಣಿಸಿದ್ದಾನೆ. ನಮ್ಮ ಇಡ್ಲಿ, ದೋಸೆ, ವಡೆಗಳ ಹಿರಿಯರಾದ ಇಡರಿಕಾ, ದೋಸಕ, ವಟಕಗಳು ಅಲ್ಲಿವೆ. ಮಂಡಿಗೆಯ ಹಿರಿಯನಾದ ಮಂಡಕವಿದೆ. ಪೋಲಿಕಾ ಎಂಬ ಗೋದಿಯ ರೊಟ್ಟಿಯೂ ಇದೆ. ಅದಕ್ಕಿಂತಲೂ ನೂರು ವರ್ಷ ಹಿಂದೆ, ಸುಮಾರು 1025ರಲ್ಲಿ, ಚಾವುಂಡರಾಯನೆಂಬವನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವೇ ಇದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಹೆಸರಿನಲ್ಲಿಯೇ ಪದ್ಯಗ್ರಂಥವನ್ನು ಬರೆದು, ಹಿಟ್ಟಿನ ತಿಂಡಿಗಳಿಂದ ತರಕಾರಿಗಳವರೆಗೆ ಪಾಕಕ್ರಮವನ್ನು ವಿವರಿಸಿದನು. ಅಡಿಗೆಯ ಮಾತು ಅಡಿಗೆಮನೆಯಲ್ಲಿಯೇ ಇರಲಿ, ಪುಸ್ತಕಕ್ಕೇಕೆ ಎಂದು ನಮ್ಮ ಕವಿಗಳು ಅಂದುಕೊಳ್ಳಲಿಲ್ಲ.

ಸೋದರಿಯವರ ಪಟ್ಟಿಯಲ್ಲಿ ಚಿತ್ರಾನ್ನವೂ ಇತ್ತಷ್ಟೆ. ಅದರ ಹಣೆಯಬರಹವೂ ಭಕ್ಷ್ಯದ್ದೇ. ಅವರು ಬರೆದಿರುವಂತೆ ಅಜ್ಜಿಯ ಮನಸ್ಸಿನಲ್ಲಿ ಇದ್ದದ್ದು ಮಾವಿನಕಾಯಿಯ ಅನ್ನ. ಬಂದದ್ದು ಹುಣಿಸೆಹಣ್ಣಿನ ಪುಳಿಹೋರ. ಗಂಡಿನವರು ಎದುರು ನೋಡಿದ್ದು ನಿಂಬೆಹಣ್ಣಿನದು. ಚಿತ್ರವೆಂದರೆ ಇಲ್ಲಿ ಗೋಡೆಯ ಮೇಲಿನ ಚಿತ್ರವೂ ಅಲ್ಲ, ಚಲಚ್ಚಿತ್ರವೂ ಅಲ್ಲ. ಬಗೆಬಗೆಯ, ಬಣ್ಣಬಣ್ಣದ ಎಂದು ಅರ್ಥ. ಬಗೆಬಗೆಯ ವಸ್ತುಗಳು ಬೆರೆತ ಅನ್ನವೆಲ್ಲ ಚಿತ್ರಾನ್ನವೇ. ಮಾತು ಬಹು ಪುರಾತನವಾದುದು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಗ್ರಹಶಾಂತಿಗೆ ಯಾವ ಗ್ರಹಕ್ಕೆ ಯಾವ ಅನ್ನವೆಂದು ಹೇಳುವಾಗ, ಸೂರ್ಯನಿಗೆ ಬೆಲ್ಲದನ್ನ, ಚಂದ್ರನಿಗೆ ಪಾಯಸ, ಗುರುವಿಗೆ ಮೊಸರನ್ನ ಎಂದು ಬಡಿಸುತ್ತ ಬಂದು ಕೊನೆಯ ಪಂಕ್ತಿಯ ಕೇತುವಿಗೆ ಚಿತ್ರಾನ್ನವನ್ನು ಹೇಳಿದೆ. ಆ ಸ್ಮೃತಿಗೆ ‘ಮಿತಾಕ್ಷರ’ವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ಮತ್ತೆ ಅದೇ ಕಲ್ಯಾಣದಲ್ಲಿ, ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ. ಮಗನು ಭೋಜನವನ್ನು ವರ್ಣಿಸಿದ ಊರಿನಲ್ಲಿಯೇ ತಂದೆಯ ಕಾಲದ ಪಂಡಿತನು ಧರ್ಮವನ್ನು ವಿವರಿಸಿದ್ದನು.

ಪುಳಿಹೋರವನ್ನು ಬೇರೆ ಎಂದು ತಿಳಿಯಬೇಕಾಗಿಲ್ಲ. ಹಳಗನ್ನಡದಲ್ಲಿ ಓಗರವೆಂದರೆ ಅನ್ನ, ಊಟ. ತೆಲುಗಿನಲ್ಲಿಯೂ ಓಗಿರಮು ಎಂದರೆ ಅದೇ. ಪುಳಿಯ ಓಗರ ನಮ್ಮಲ್ಲಿ ಹುಳಿಯೋಗರೆಯಾಯಿತು, ಅವರಲ್ಲಿ ಪುಳಿಹೋರವಾಯಿತು. ಓಗರದ ಮೇಲೆ ಬಡಿಸುವುದು ಮೇಲೋಗರ. ಅದನ್ನೂ ಇದನ್ನೂ ಗೊತ್ತುಗುರಿಯಿಲ್ಲದೆ ಬೆರೆಸಿದರೆ ಕಲಸುಮೇಲೋಗರ. ಚಿತ್ರಾನ್ನಕ್ಕೂ ಕಲಸುಮೇಲೋಗರಕ್ಕೂ ಇರುವ ಅಂತರವನ್ನು ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಒಂದರಲ್ಲಿ ಬೆರೆತದ್ದೆಲ್ಲ ತನ್ನತನ್ನ ರುಚಿಯನ್ನು ಉಳಿಸಿಕೊಂಡಿರುವುದು. ಇನ್ನೊಂದರಲ್ಲಿ ಯಾವುದು ಯಾವುದೆಂದು ತಿಳಿಯದು. ಹಲವು ಭಾಷೆಗಳ ಈ ಊರಿನಲ್ಲಿ ಬಾಳುವ ನಮಗೆ ಈ ಅಂತರ ನೆನಪಿನಲ್ಲಿರುವುದು ಒಳ್ಳೆಯದು.

ಈ ಊರಿನ ಇನ್ನೊಂದು ನುಡಿಯಾದ ಉರ್ದುವನ್ನು ಬಿಟ್ಟು ಹೈದರಾಬಾದಿನ ಊಟದ ಮಾತು ಮುಗಿಯದು. ಇಲ್ಲಿ ಊಟದ ಕೊನೆಗೆ ಬರುವುದು ‘ಮೀಠಾ’: ಒಣಗಿದ ಜರ್ದಾಳು ಹಣ್ಣಿನಿಂದ ಆದದ್ದು ಖುಬಾನಿ ಕಾ ಮೀಠಾ, ಇಲ್ಲಿಯವರು ಡಬಲ್ ರೋಟಿ ಎನ್ನುವ ಬ್ರೆಡ್ಡಿನಿಂದ ಆದದ್ದು ಡಬಲ್ ಕಾ ಮೀಠಾ. ಮೀಠಾ, ಮಿಠಾಯಿಗಳು ಪರಕೀಯವೆಂದು ಮುಖ ತಿರುಗಿಸಬೇಕಾಗಿಲ್ಲ. ಸಂಸ್ಕೃತದ ಮೃಷ್ಟವೇ ಮಿಷ್ಟ, ಮಿಟ್ಠ ಎಂದು ಸವೆಯುತ್ತ ಮೀಠಾ ಆದದ್ದು. ನಾವು ಮೃಷ್ಟಾನ್ನ ಭೋಜನವೆನ್ನುವಾಗ ಇರುವ ಮೃಷ್ಟವೇ ಮೊಅಜ್ಜಂಜಾಹಿ ಮಾರುಕಟ್ಟೆಯ ಬಳಿಯ ಮಿಠಾಯಿಯಲ್ಲಿಯೂ ಇದೆ. ಸಂಸ್ಕೃತದ ಖಾದ್ಯವು ಉತ್ತರದಲ್ಲಿ ಖಾಜಾ ಆಯಿತು, ಕನ್ನಡದಲ್ಲಿ ಕಜ್ಜಾಯವಾಯಿತು. ಪಾಕ ಬೇರೆ, ರೂಪ ಬೇರೆ. ಹೆಸರಿನ ಹೊಟ್ಟೆ ಒಂದೇ.

ಈಗ ಸೋದರಿಯವರ ಪ್ರಶ್ನೆಗೆ ಉತ್ತರ ಹೇಳಬಹುದು. ಮೂವರದೂ ಸರಿ. ಅಜ್ಜಿಯದು ಹಳೆಯ ಅರ್ಥ; ಸೋದರಮಾವನವರದು ಅವರ ಸೀಮೆಯ ಅರ್ಥ; ಅಡಿಗೆಯವರದು ಈ ಊರಿನ ಅರ್ಥ. ಒಂಬತ್ತನೆಯ ಶತಮಾನದಲ್ಲಿಯೇ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಆಳಿದ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ವು, ಕನ್ನಡ ಒಂದೇ ಬಗೆಯದಲ್ಲ, ಹಲವು ಬಗೆಯದು ಎಂದು ಗುರುತಿಸಿತ್ತು. ಅಂದಿಗೇ ಹಲವಾಗಿದ್ದ ಕನ್ನಡವು ಇಂದು ಒಂದೇ ಪಟ್ಟಿಗೆ ಇಳಿಯಬೇಕೆಂದು ಹಟ ಹಿಡಿಯುವುದು ಸಲ್ಲದು. ವ್ಯವಹಾರಕ್ಕೆ ಬೇಕಾದ ಒಂದು ಹಿತವಚನವನ್ನು ಮಾತ್ರ ಹೇಳುತ್ತೇವೆ. ಮದುವೆ ಮುಂಜಿಗಳ ಊಟದ ಪಟ್ಟಿಯಲ್ಲಿ ವರ್ಗದ ಹೆಸರನ್ನು ಬರೆದು ಬಿಡಬೇಡಿರಿ. ತಿಂಡಿಯ ಹೆಸರನ್ನೇ ಬರೆಯಿರಿ, ಎಲೆಗೆ ಎಷ್ಟು ಎಂಬುದನ್ನೂ ಬರೆಯಿರಿ. ‘ಲಾಡು ಒಂದು, ಚಕ್ಕುಲಿ ಒಂದು’ ಎಂದಿದ್ದರೆ ಯಾವ ಶಾಸ್ತ್ರವೂ ಬೇಕಾಗುತ್ತಿರಲಿಲ್ಲ.

ಆದರೆ ಅಜ್ಜಿಯ ದುಃಖಕ್ಕೆ ಈ ಉತ್ತರ ಸಾಲದು. ಅವರ ಮಾತನ್ನು ತೆಲಂಗಾಣದ ಅಡಿಗೆಯವರು ಬೇರೆಯಾಗಿ ತಿಳಿದದ್ದು ಅವರಿಗೆ ನೋವಾಗಿಲ್ಲ. ಬರೆದುಕೊಂಡ ಮೊಮ್ಮಗಳು ಕೇಳದೆ ಹೋದದ್ದು ನೋವಾಗಿದೆ. ಅವಳಿಗೆ ಭಕ್ಷ್ಯವು ಒಂದು ಸದ್ದು ಮಾತ್ರ. ಅವಳ ಬಳಕೆಯಲ್ಲಿರುವ ಮಾತು ‘ಸ್ವೀಟ್’. ಲಾಡುವೂ ಸ್ವೀಟ್, ಹೋಳಿಗೆಯೂ ಸ್ವೀಟ್, ಕರಿಗಡುಬೂ ಸ್ವೀಟ್, ಹಯಗ್ರೀವವೂ ಸ್ವೀಟ್. ಹುಟ್ಟುಹಬ್ಬಕ್ಕೆ ಸ್ವೀಟ್ ಬಾಕ್ಸ್, ಗೃಹಪ್ರವೇಶಕ್ಕೆ ಸ್ವೀಟ್ ಬಾಕ್ಸ್. ಈಗ ಕೈಯೊಳಗಿನ ಫೋನಿನಲ್ಲಿ ಚಿತ್ರವನ್ನು ಒತ್ತಿದರೆ ಸಾಕು, ಹೆಸರನ್ನು ಬಾಯಲ್ಲಿ ಆಡದೆಯೇ ತಿಂಡಿ ಬಾಗಿಲಿಗೆ ಬರುವುದು. ಅನುಕೂಲವನ್ನು ನಾವು ಜರಿಯುವುದಿಲ್ಲ; ಇಬ್ಬರೂ ದುಡಿಯುವ ಮನೆಗಳಲ್ಲಿ ದಿನವೂ ಹೂರಣ ರುಬ್ಬಿರೆಂದು ಹೇಳುವಷ್ಟು ಲೋಕಜ್ಞಾನವಿಲ್ಲದವರೂ ನಾವಲ್ಲ. ಆದರೆ ಇತರ ಮಾತುಗಳು ಒಂದರ ಪಕ್ಕದಲ್ಲಿ ಒಂದು ಕುಳಿತವು. ಈ ಮಾತು ಉಳಿದವನ್ನು ನುಂಗುವುದು. ಭಕ್ಷಕವೆಂದು ಕರೆಯಬೇಕಾದರೆ ಇದನ್ನು ಕರೆಯಬೇಕು. ನಾವು ಸಡಿಲಬಿಟ್ಟ ಭಕ್ಷ್ಯವೆಂಬ ಮಾತನ್ನು, ಒಂದೇ ತಿಂಡಿಗಾದರೂ ಸರಿ, ಪ್ರೀತಿಯಿಂದ ಹಿಡಿದುಕೊಂಡಿರುವವರು ಇಂದು ನಮ್ಮ ತೆಲುಗು ನೆರೆಯವರು ಎಂಬುದನ್ನೂ ನೆನೆಯಬೇಕು.

ಹೆಸರು ಹೋದರೆ ಏನಾಯಿತು, ರುಚಿ ಇದೆಯಲ್ಲ ಎನ್ನುವವರುಂಟು. ರುಚಿ ನಾಲಿಗೆಯ ತುದಿಯಲ್ಲಿ ಕ್ಷಣಮಾತ್ರ ಇರುವುದು. ಹೆಸರು ತಲೆಮಾರು ದಾಟುವುದು. ‘ಕರಿಗಡುಬು’ ಎಂದಾಗ ಮಣೆಯ ಸುತ್ತ ಕುಳಿತು ಅಂಚು ಮಡಿಸಿದವರ ನೆನಪಾಗುವುದು. ‘ಮಂಡಿಗೆ’ ಎಂದಾಗ, ಮನಸ್ಸಿನಲ್ಲಿ ಮಂಡಿಗೆ ತಿಂದ ಗಾದೆ ನೆನಪಾಗುವುದು. ಮಂಡಿಗೆಯನ್ನೇ ಅರಿಯದ ಮಗುವಿಗೆ ಆ ಗಾದೆಯೂ ಇಲ್ಲ. ಒಂದು ತಿಂಡಿಯ ಹೆಸರು ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ. ಗಾದೆಯನ್ನು, ಹಬ್ಬವನ್ನು, ಅಜ್ಜಿಯ ಒಂದು ದಿನವನ್ನು ಕೈಹಿಡಿದು ಕರೆದುಕೊಂಡು ಹೋಗುವುದು.

ಕೊನೆಯದಾಗಿ ಭಕ್ಷ್ಯವೆಂಬ ಮಾತಿನ ಬೇರನ್ನು ಒಮ್ಮೆ ನೋಡಿಬಿಡೋಣ. ಭಾಷಾಶಾಸ್ತ್ರ ಬಲ್ಲವರು, ಭಕ್ಷ್ ಎಂಬ ಧಾತು ಭಜ್ ಎಂಬ ಇನ್ನೂ ಹಳೆಯ ಧಾತುವಿನಿಂದ ಬೆಳೆದ ರೂಪವೆಂದು ಎಣಿಸುತ್ತಾರೆ. ಭಜ್ ಎಂದರೆ ಹಂಚು, ಪಾಲು ಪಡೆ. ಭಾಗ, ಭಾಗ್ಯ, ಭಕ್ತಿ, ಭಜನೆ ಎಲ್ಲವೂ ಅದರ ಮಕ್ಕಳು. ಸಂಸ್ಕೃತದಲ್ಲಿ ಭಕ್ತವೆಂದರೆ ಪಾಲಿಗೆ ಬಂದ ಅನ್ನ ಎಂಬ ಅರ್ಥವೂ ಉಂಟು. ಅದೇ ಸವೆದು ಭಾತ್ ಆಗಿ, ಮರಾಠಿಯಲ್ಲಿ ಅನ್ನವಾಗಿ, ನಮ್ಮ ಬಿಸಿಬೇಳೆಬಾತ್, ವಾಂಗಿಬಾತ್‌ಗಳಲ್ಲಿ ನೆಲಸಿದೆ. ಎಂದ ಮೇಲೆ ಎಲೆಯ ಮೇಲಿನ ಭಕ್ಷ್ಯವೂ ಕಲಸಿದ ಬಾತೂ ಮೂಲದಲ್ಲಿ ಒಂದೇ ಮಾತನ್ನು ಹೇಳುತ್ತವೆ: ಇದು ನಿನ್ನ ಪಾಲು, ತೆಗೆದುಕೋ. ಸಿಹಿ ಎಂಬುದು ವಸ್ತುವಿನ ಗುಣ. ಭಕ್ಷ್ಯ ಎಂಬುದರಲ್ಲಿ ಕೊಡುವ ಕೈಯೂ ಇದೆ, ಕೊಳ್ಳುವ ಕೈಯೂ ಇದೆ.

ಆದುದರಿಂದ ಸೋದರಿಯವರಲ್ಲಿ ನಮ್ಮ ವಿನಂತಿ ಇದು. ಮುಂದಿನ ಹಬ್ಬಕ್ಕೆ ಏನು ಮಾಡಬೇಕೆಂದು ಅಜ್ಜಿಯನ್ನು ಕೇಳುವ ಕೆಲಸವನ್ನು ಆ ಮೊಮ್ಮಗಳಿಗೇ ಒಪ್ಪಿಸಿರಿ. ಅವಳು ಕಾಗದ ಪೆನ್ಸಿಲು ಹಿಡಿದು, “ಅಜ್ಜೀ, ಭಕ್ಷ್ಯ ಎರಡು ಎಂದರೆ ಯಾವ ಎರಡು?” ಎಂದು ಕೇಳಲಿ. ಈ ಒಂದು ಪ್ರಶ್ನೆಗೆ ಅಜ್ಜಿಯಿಂದ ಬರುವ ಉತ್ತರವು ನಮ್ಮ ಈ ಲೇಖನಕ್ಕಿಂತ ಉದ್ದವಾಗಿಯೂ ರುಚಿಯಾಗಿಯೂ ಇರುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಓದು ಬಲ್ಲ ಉಳಿದ ಬಂಧು ಭಗಿನಿಯರಲ್ಲಿಯೂ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಮಾತ್ರ ಬಳಕೆಯಲ್ಲಿರುವ, ಅಥವಾ ಹಿಂದೆ ಬಳಕೆಯಲ್ಲಿದ್ದ, ಒಂದು ತಿಂಡಿಯ ಹೆಸರನ್ನು ನಮಗೆ ಬರೆದು ಕಳುಹಿಸಿರಿ. ಅದು ಯಾವ ಊರಿನದು, ಯಾವ ವಸ್ತುಗಳಿಂದ ಆಗುವುದು, ಯಾವ ಹಬ್ಬಕ್ಕೆ ಮಾಡುವುದು ಎಂಬಿಷ್ಟನ್ನು ಎರಡು ಸಾಲಿನಲ್ಲಿ ತಿಳಿಸಿದರೆ ಸಾಕು. ಪಾಕಕ್ರಮ ಗೊತ್ತಿಲ್ಲದಿದ್ದರೆ ಹೆಸರನ್ನಾದರೂ ಬರೆಯಿರಿ. ಬೇರೆ ಮನೆಯಲ್ಲಿ ಬೇರೆ ಹೆಸರಿದೆಯೆಂದು ಸಂಕೋಚ ಬೇಡ. ಬೇರೆಯಾಗಿರುವುದೇ ನಮಗೆ ಬೇಕಾದದ್ದು. ಬುತ್ತಿ ಕಟ್ಟುವ ಕೆಲಸ ನಿಮ್ಮದು; ಬಿಚ್ಚಿ ಎಲ್ಲರಿಗೂ ಪಾಲು ಹಾಕುವ ಕೆಲಸ ನಮ್ಮದು.